ಆಟಿ ತಿಂಗಳ ಸ್ಯಾಕ್ಸೋಫೋನ್

ನಮ್ಮ ಓಣಿಯ ಕೊನೆಯ ಹಂಚಿನ ಮನೆಯಿಂದ ಹಗಲು ಹೊತ್ತಿನಲ್ಲಿ ಸ್ಯಾಕ್ಸೋಫೋನ್ ಕೇಳಿಬರುತ್ತಿದೆಯೆಂದರೆ ಆ ಮನೆಯವರಿಗೆ ಕೆಲಸವಿಲ್ಲವೆಂದು ಅರ್ಥ. ಇಷ್ಟು ಸಣ್ಣ ಸಂಗತಿ ನನಗೆ ತಿಳಿಯಲು ಒಂಬತ್ತು ವರ್ಷ ಹಿಡಿಯಿತು. ನವೆಂಬರಿನಿಂದ ಮೇ ತಿಂಗಳವರೆಗೆ ಆ ಮನೆಯ ಅಣ್ಣ ಬೆಳಗಿನ ಐದಕ್ಕೆ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹೊರಟರೆ ಮರಳುವುದು ನಡುರಾತ್ರಿಗೆ. ಒಂದೆಡೆ ಮದುವೆ, ಇನ್ನೊಂದೆಡೆ ದೇವಸ್ಥಾನದ ಬ್ರಹ್ಮಕಲಶ, ರಾತ್ರಿ ಎಲ್ಲೋ ದೈವದ ನೇಮ. ಮೇ 24ರ ಸುಮಾರಿಗೆ, ತುಳುವರ ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆ ಬರುತ್ತದೆ. ಅಂದಿಗೆ ದೇವಸ್ಥಾನಗಳ ಉತ್ಸವಗಳು ನಿಲ್ಲುತ್ತವೆ, ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಅಲ್ಲೊಂದು ಇಲ್ಲೊಂದು ಮದುವೆ ಉಳಿದಿರುತ್ತದೆ. ಜುಲೈ ನಡುವಿನಲ್ಲಿ ಶುಭಕಾರ್ಯಗಳಿಲ್ಲದ ತುಳು ತಿಂಗಳು ಆಟಿ ಹಿಡಿಯಿತೆಂದರೆ ಅದೂ ಇಲ್ಲ. ಮಂಗಳೂರಿನ ಮಳೆ ಹಂಚಿನ ಮೇಲೆ ಸುರಿಯುವ ಆ ಒಂದು ತಿಂಗಳು ಅವರು ಮಧ್ಯಾಹ್ನದ ಹೊತ್ತು ಚಾವಡಿಯಲ್ಲಿ ಕುಳಿತು ಒಂದೇ ರಾಗವನ್ನು ಗಂಟೆಗಟ್ಟಲೆ ನುಡಿಸುತ್ತಾರೆ.

ಜೆಪ್ಪು ಮಾರ್ಕೆಟ್ಟಿನ ಹಿಂದೆ ಇಳಿಯುವ ಈ ಓಣಿಗೆ ನಾವು ಬಂದದ್ದು 2011ರಲ್ಲಿ. 2014ರಲ್ಲಿ ತಂಗಿಯ ಮದುವೆಯಾಯಿತು. ಮಂಟಪದ ಹೂವಿನ ಅಲಂಕಾರದವರು ಹೇಳಿದ ಮೊತ್ತಕ್ಕೆ ನಾನು ಮರುಮಾತಿಲ್ಲದೆ ಒಪ್ಪಿದ್ದೆ, ಫೋಟೋದವರಿಗೆ ಮುಂಗಡವನ್ನು ಮನೆಗೇ ಹೋಗಿ ಕೊಟ್ಟಿದ್ದೆ. ವಾಲಗದವರ ಜೊತೆ ಮಾತ್ರ 500 ರೂಪಾಯಿಗಾಗಿ ಫೋನಿನಲ್ಲಿ ಅರ್ಧ ಗಂಟೆ ಎಳೆದಾಡಿದ್ದೆ. ಊಟದ ಹಾಲ್‌ನಲ್ಲಿ ಅವರು ಯಾವಾಗ ಉಂಡರು, ಉಂಡರೋ ಇಲ್ಲವೋ ಎಂಬುದನ್ನು ವಿಚಾರಿಸಿದ ನೆನಪಿಲ್ಲ. ಅವತ್ತು ಸ್ಯಾಕ್ಸೋಫೋನ್ ನುಡಿಸಿದವರು ನನ್ನ ಮನೆಯಿಂದ ಏಳನೆಯ ಮನೆಯವರೆಂಬುದು ಗೊತ್ತಾದದ್ದು 2020ರ ಏಪ್ರಿಲಿನಲ್ಲಿ. ಮಾರ್ಚ್ 25ರಿಂದ ಲಾಕ್‌ಡೌನ್. ಇಡೀ ವರ್ಷದ ದುಡಿಮೆ ಕೈಗೆ ಬರಬೇಕಾದ ಹೊತ್ತಿನಲ್ಲೇ ಮದುವೆ, ಜಾತ್ರೆ, ನೇಮ ಎಲ್ಲವೂ ನಿಂತವು. ಬೆಳಿಗ್ಗೆ ಓಣಿಗೆ ತರಕಾರಿಯ ಟೆಂಪೊ ತರುತ್ತಿದ್ದವರು ಒಂದು ದಿನ ಬಸಳೆಯ ಕಟ್ಟು ಕೊಡುತ್ತಾ, ಮುಖಗವಸಿನ ಒಳಗಿಂದಲೇ, "ತಂಗಿ ಸೌಖ್ಯವಾ? ಅವರ ಮದುವೆಗೆ ನಮ್ಮದೇ ವಾಲಗ ಅಲ್ವಾ" ಎಂದರು. ನಾನು ಉತ್ತರಿಸಲಿಲ್ಲವೆಂದರೆ ಸರಿಯಾಗದು. ಏನೋ ಹೇಳಿದೆ, ಏನೆಂದು ನೆನಪಿಲ್ಲ.

ಮಳೆಗಾಲದಲ್ಲಿ ಕಲಾವಿದರ ಹೊಟ್ಟೆಪಾಡು ಹೇಗೆ ಎಂಬ ಪ್ರಶ್ನೆ ತುಳುನಾಡಿಗೆ ಹೊಸದೇನೂ ಆಗಿರಲಿಲ್ಲ. ಆಟಿಯಲ್ಲಿ ವೇಷ ಕಟ್ಟಿದ ಆಟಿಕಳೆಂಜ ತೆಂಬರೆ ಎಂಬ ಚರ್ಮವಾದ್ಯದ ಬಡಿತದೊಂದಿಗೆ ಮನೆಯಂಗಳಕ್ಕೆ ಬರುತ್ತಿದ್ದ, ಮಾರಿ ಕಳೆಯುತ್ತಿದ್ದ, ಅಕ್ಕಿ, ತೆಂಗಿನಕಾಯಿ ಪಡೆದು ಹೋಗುತ್ತಿದ್ದ. ಕುಂದಾಪುರ, ಬ್ರಹ್ಮಾವರದ ಕಡೆ ನವರಾತ್ರಿಯ ಹೊತ್ತಿಗೆ ಹೂವಿನಕೋಲು ಎಂಬ ಯಕ್ಷಗಾನದ ಪುಟ್ಟ ತಂಡ ಮನೆಮನೆಗೆ ಹೋಗುತ್ತದೆ: ಭಾಗವತರು, ಮದ್ದಳೆಯವರು, ಹೂ ಕಟ್ಟಿದ ಕೋಲು ಹಿಡಿದು ಎದುರುಬದುರು ಕುಳಿತು ಅರ್ಥ ಹೇಳುವ ಮಕ್ಕಳು. ನಮ್ಮ ಕಡೆ ಇಂದಿಗೂ ಚಿಕ್ಕಮೇಳ ಇದೆ. ಪತ್ತನಾಜೆಯ ನಂತರ ಯಕ್ಷಗಾನ ಮೇಳದ ನಾಲ್ಕಾರು ಮಂದಿ ಸೇರಿಕೊಂಡು, ಬರುವ ದಿನವನ್ನು ಮೊದಲೇ ಚೀಟಿ ಹಂಚಿ ತಿಳಿಸಿ, ಸಂಜೆಯ ಮೇಲೆ ಮನೆಮನೆಗೆ ಬರುತ್ತಾರೆ. ದೀಪ ಹಚ್ಚಿಟ್ಟು, ಅಕ್ಕಿ, ತೆಂಗಿನಕಾಯಿ, ಹೂವಿನ ಹರಿವಾಣ ಇಟ್ಟರೆ ಒಂದು ಸ್ತ್ರೀವೇಷ, ಒಂದು ಪುರುಷವೇಷ, ಹತ್ತು ಹದಿನೈದು ನಿಮಿಷದ ಒಂದು ತುಣುಕು ಪ್ರಸಂಗ. ದೊಡ್ಡ ರಂಗಸ್ಥಳದಲ್ಲಿ ದೂರದಿಂದ ಕಂಡ ಕಿರೀಟ ನಮ್ಮ ಮನೆಯ ಫ್ಯಾನಿಗೆ ತಗಲದಂತೆ ತಲೆ ತಗ್ಗಿಸಿ ಒಳಬರುವುದನ್ನು ನೋಡಿದ ಮಗು ಅದನ್ನು ಮರೆಯುವುದಿಲ್ಲ. ಆದರೆ ಈಗ ಓಣಿಯ ತುದಿಯಲ್ಲಿ ನಾಲ್ಕು ಮಾಳಿಗೆಯ ಫ್ಲ್ಯಾಟ್ ಎದ್ದಿದೆ. ಚೀಟಿ ವಾಚ್‌ಮ್ಯಾನ್‌ನ ಮೇಜಿನ ಮೇಲೆ ಉಳಿಯುತ್ತದೆ, ಚಿಕ್ಕಮೇಳದವರು ಗೇಟಿನಿಂದಲೇ ಮುಂದಕ್ಕೆ ಹೋಗುತ್ತಾರೆ.

ಆ ಹಳೆಯ ವ್ಯವಸ್ಥೆಯನ್ನು ಇದ್ದ ಹಾಗೆಯೇ ಮರಳಿ ತರಬೇಕೆಂದು ನಾನು ಹೇಳಲಾರೆ. ಕೊಡುವವರು ಜಗಲಿಯ ಮೇಲೆ, ಪಡೆಯುವವರು ಕೆಳಗೆ ಅಂಗಳದಲ್ಲಿ ಎಂಬ ಏರ್ಪಾಡು ಅದರೊಳಗೇ ಇತ್ತು, ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಉಳಿಸಿಕೊಳ್ಳಬೇಕಾದದ್ದು ಅದರ ಲೆಕ್ಕಾಚಾರವನ್ನು ಮಾತ್ರ: ಕೆಲಸವಿಲ್ಲದ ತಿಂಗಳಲ್ಲಿ ಸಂಗೀತದವರಿಗೆ ಅವರದೇ ನೆರೆಕರೆಯಲ್ಲಿ ಕೆಲಸ ಒದಗಬೇಕು, ಆ ನೆಪದಲ್ಲಿ ಬಾಗಿಲುಗಳು ತೆರೆಯಬೇಕು.

2022ರ ಆಟಿಯಲ್ಲಿ ನಾವು ಆರು ಮನೆಯವರು ಸೇರಿ ಇದನ್ನು ಶುರು ಮಾಡಿದೆವು: ಆಟಿಯ ಪ್ರತಿ ಭಾನುವಾರ ಸಂಜೆ ಆರರಿಂದ ಏಳೂವರೆಯವರೆಗೆ, ಓಣಿಯಲ್ಲಿ ಅಥವಾ ಅಕ್ಕಪಕ್ಕದಲ್ಲಿ ವಾಸಿಸುವ ಒಬ್ಬ ಸಂಗೀತಗಾರರನ್ನು ಕೂರಿಸಿ ಕೇಳುವುದು. ಮೊದಲ ಸಭೆಯಲ್ಲಿಯೇ ಎರಡು ಆಕ್ಷೇಪ ಬಂತು. ಹಿರಿಯರೊಬ್ಬರು "ಆಟಿಯಲ್ಲಿ ಎಂತ ವಾಲಗ ಮಾರಾಯ್ರೆ" ಎಂದರು. ಇದು ಮಂಗಳವಾದ್ಯವಲ್ಲ, ಕಛೇರಿ ಎಂದು ವಿವರಿಸಿದ ಮೇಲೆ ಅವರು ಒಪ್ಪಿದರು. ಒಪ್ಪಿದರು ಮಾತ್ರವಲ್ಲ, ಮುಂದಿನ ಸಾಲಿನ ಕುರ್ಚಿ ಇಂದಿಗೂ ಅವರದೇ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. "ನಮ್ಮವರೇ ಅಲ್ವಾ, ದುಡ್ಡು ಕೊಟ್ಟರೆ ಬೇಜಾರು ಮಾಡಿಕೊಂಡಾರು. ಒಂದು ಶಾಲು, ಹಣ್ಣಿನ ಬುಟ್ಟಿ, ಒಂದು ಸ್ಮರಣಿಕೆ ಸಾಕು" ಎಂದು ಮೂರು ಮಂದಿ ಹೇಳಿದರು.

ನಾನು ಅದಕ್ಕೆ ಕೆಲವು ದಿನಗಳ ಹಿಂದೆಯಷ್ಟೇ ಆ ಹಂಚಿನ ಮನೆಯ ಒಳಗೆ ಹೋಗಿ ಬಂದಿದ್ದೆ. ಟಿವಿಯ ಮೇಲಿನ ಹಲಗೆಯಲ್ಲಿ ಸ್ಮರಣಿಕೆಗಳು ಎರಡು ಸಾಲಾಗಿ ನಿಂತಿದ್ದವು, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಮಾತಿನ ನಡುವೆ ಅವರ ಹೆಂಡತಿ ನಗುತ್ತಲೇ, "ಧೂಳು ಒರೆಸುವುದೇ ಒಂದು ಕೆಲಸ ಅಣ್ಣಾ, ರೇಷನ್ ಅಂಗಡಿಯವರು ಇದನ್ನು ತೆಗೆದುಕೊಳ್ಳುವುದಿಲ್ಲ" ಎಂದಿದ್ದರು. ಸಭೆಯಲ್ಲಿ ಆ ಮಾತನ್ನು ಹಾಗೆಯೇ ಹೇಳಿದೆ. ಶಾಲಿನ ಪ್ರಸ್ತಾಪ ಅಲ್ಲಿಗೆ ಮುಗಿಯಿತು. ಅದಕ್ಕೂ ಹಿಂದೊಮ್ಮೆ ಇಲ್ಲೇ ಸಮೀಪದ ಬಡಾವಣೆಯೊಂದರಲ್ಲಿ ಕೃಷ್ಣಾಷ್ಟಮಿಯ ಮೊಸರುಕುಡಿಕೆಗೆ ದೂರದ ಊರಿನಿಂದ ಡಿಜೆ ತರಿಸಿ ಕೇಳಿದಷ್ಟು ಹಣ ಕೊಟ್ಟಿದ್ದರು, ಅದೇ ಬೀದಿಯ ತಾಸೆ ವಾದ್ಯದವರು ಜನರ ನಡುವೆ ನಿಂತು ನೋಡುತ್ತಿದ್ದರು. ಅದೂ ನನ್ನ ಮನಸ್ಸಿನಲ್ಲಿತ್ತು.

ಮೊದಲ ಭಾನುವಾರಕ್ಕೆ 23 ಮನೆಗಳಿಂದ ತಲಾ 300ರಂತೆ 6,900 ರೂಪಾಯಿ ಕೂಡಿತು. ಸ್ಯಾಕ್ಸೋಫೋನಿಗೆ 3,000, ಡೋಲಿಗೆ 2,000, ಚಹಾ ಮತ್ತು ಗೋಳಿಬಜೆಗೆ 1,200, ಉಳಿದ 700 ಮುಂದಿನ ವಾರಕ್ಕೆ. ಹಣವನ್ನು ಲಕೋಟೆಯಲ್ಲಿಟ್ಟು ನುಡಿಸುವ ಮೊದಲೇ ಕೊಡಬೇಕೆಂದು ನಿಶ್ಚಯಿಸಿದೆವು. ಕಾರ್ಯಕ್ರಮ ಮುಗಿದ ಮೇಲೆ ಕೋಶಾಧಿಕಾರಿಯನ್ನು ಹುಡುಕುತ್ತಾ ಪೆಟ್ಟಿಗೆ ಹಿಡಿದು ನಿಲ್ಲುವ ಪಾಡು ಎಂಥದ್ದೆಂದು ಡೋಲಿನವರೇ ಹೇಳಿದ್ದರು. ಮನೆಯವರು ಕೊಡುವ 300ಕ್ಕೆ ರಶೀದಿ ಇದೆ, ಲೆಕ್ಕದ ಪುಸ್ತಕ ಯಾರು ಕೇಳಿದರೂ ತೋರಿಸುತ್ತೇವೆ. ಕೊಡಲಾಗದವರು ಕುರ್ಚಿ ತರುತ್ತಾರೆ, ಇಲ್ಲವೇ ಸುಮ್ಮನೆ ಬರುತ್ತಾರೆ.

ಮೈಕ್ ಇಟ್ಟುಕೊಳ್ಳಬಾರದೆಂಬ ನಿಯಮವನ್ನು ಮಾಡಿದ್ದು ಮೊದಲಿಗೆ ಕಾನೂನಿನ ಅಂಜಿಕೆಯಿಂದ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಮಾತ್ರವಲ್ಲದೆ ವಾದ್ಯಗಳಿಗೂ ನಿರ್ಬಂಧವಿದೆ. ನಮ್ಮದು ಏಳೂವರೆಗೆ ಮುಗಿಯುತ್ತಿದ್ದುದರಿಂದ ಹತ್ತರ ಗಡುವು ನಮ್ಮನ್ನು ತಟ್ಟುತ್ತಿರಲಿಲ್ಲ. ಆದರೂ ಓಣಿಯಲ್ಲಿ ಮಲಗಿರುವ ಮುದುಕರಿದ್ದಾರೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಮೈಕ್ ಇಲ್ಲದ್ದರಿಂದ ಆದ ಲಾಭ ಆಮೇಲೆ ಗೊತ್ತಾಯಿತು. ಕೇಳಬೇಕಾದರೆ ಹತ್ತಿರ ಬಂದು ಕೂರಬೇಕು. ಹತ್ತಿರ ಕೂತವರು ಪಕ್ಕದವರ ಮೊಣಕೈಗೆ ತಾಗುತ್ತಾರೆ, ತಾಗಿದ ಮೇಲೆ ಎರಡು ಮಾತಾದರೂ ಆಡಬೇಕಾಗುತ್ತದೆ.

ಮೊದಲ ಸಂಜೆ ನಮ್ಮ ಸಿಟೌಟಿನಲ್ಲಿ ನಡೆಯಬೇಕಿತ್ತು. ಐದೂವರೆಗೆ ಗಾಳಿ ಮಳೆ ಒಟ್ಟಿಗೆ ಹೊಡೆದು ಅಂಗಳದ ಶೀಟಿನ ಕೆಳಗೂ ನೀರು ನುಗ್ಗಿತು. ಫ್ಲ್ಯಾಟಿನ ಕೆಳಗಿನ ಪಾರ್ಕಿಂಗ್ ಒಣಗಿತ್ತು. ಅಲ್ಲಿನ ಸಮಿತಿಯವರು ಎರಡು ದಿನ ಮೊದಲು ಬೇಡವೆಂದಿದ್ದರು, ಭದ್ರತೆಯ ಕಾರಣ ಕೊಟ್ಟಿದ್ದರು. ನೆನೆದ ಪೆಟ್ಟಿಗೆ ಹಿಡಿದು ಗೇಟಿನಲ್ಲಿ ನಿಂತವರನ್ನು ಕಂಡು ಎರಡನೆಯ ಮಾಳಿಗೆಯ ಅಮ್ಮನೊಬ್ಬರು ತಾವೇ ಇಳಿದು ಬಂದು ತಮ್ಮ ಕಾರನ್ನು ಹೊರಗೆ ತೆಗೆಸಿದರು. ಅವರ ಹಿಂದೆ ಇನ್ನೂ ಇಬ್ಬರು ತೆಗೆದರು. ಕಾಂಕ್ರೀಟಿನ ಕಂಬಗಳ ನಡುವೆ ಚಾಪೆ ಹಾಸಿದೆವು.

ಮಳೆಗಾಲದಲ್ಲಿ ಸ್ಯಾಕ್ಸೋಫೋನಿನ ತಾಪತ್ರಯವನ್ನು ಅಷ್ಟು ಹತ್ತಿರದಿಂದ ನಾನು ಅದೇ ಮೊದಲು ನೋಡಿದ್ದು. ತೂತುಗಳನ್ನು ಮುಚ್ಚುವ ಚರ್ಮದ ಪ್ಯಾಡುಗಳು ತೇವ ಹೀರಿ ಉಬ್ಬುತ್ತವೆ, ಅಂಟಿಕೊಳ್ಳುತ್ತವೆ, ಎಲ್ಲೋ ಗಾಳಿ ಸೋರಿ ಕೆಳಗಿನ ಸ್ವರಗಳು ಒಡೆಯುತ್ತವೆ. ಅವರು ಜೇಬಿನಿಂದ ಹತ್ತರ ಒಂದು ನೋಟು ತೆಗೆದು ಪ್ಯಾಡಿನ ಕೆಳಗೆ ತೂರಿಸಿ, ಮೆಲ್ಲಗೆ ಒತ್ತಿ ಎಳೆದರು, ಮತ್ತೊಮ್ಮೆ, ಮುಂದಿನ ಕೀಲಿಗೆ. ಹೀಗೆ ಹತ್ತು ನಿಮಿಷ. ಮಕ್ಕಳೆಲ್ಲ ಸುತ್ತ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದರು. ಆಮೇಲೆ ಒಂದು ಸ್ವರ ಹಿಡಿದು, ಬೆರಳುಗಳನ್ನು ಅಲುಗಿಸದೆ, ತುಟಿಯ ಬಿಗಿ ಮತ್ತು ಉಸಿರಿನಿಂದಲೇ ಅದನ್ನು ಕೆಳಗಿಳಿಸಿ ಮೇಲೆತ್ತಿ ತೋರಿಸಿದರು. ನಾಗಸ್ವರದಲ್ಲಿ ತೂತು ಬೆರಳಿಗೇ ಸಿಗುತ್ತದೆ, ಅರ್ಧ ಮುಚ್ಚಿ ಗಮಕ ತೆಗೆಯಬಹುದು. ಇಲ್ಲಿ ಬೆರಳಿಗೂ ತೂತಿಗೂ ನಡುವೆ ಕೀಲಿ ಇದೆ, ಆದ್ದರಿಂದ ಆ ಕೆಲಸ ಬಾಯಿಗೆ ಬಂತು ಎಂದು ವಿವರಿಸಿದರು. ನಂತರ ತೋಡಿ ರಾಗ ನುಡಿಸಿದರು. ಆಲಾಪನೆಯೇ ಇಪ್ಪತ್ತು ನಿಮಿಷಕ್ಕೂ ಮಿಕ್ಕಿತು. ಮದುವೆಯಲ್ಲಿ ಪುರೋಹಿತರು ಕೈಸನ್ನೆ ಮಾಡಿದರೆ ಗಟ್ಟಿಮೇಳ, ಊಟದ ಹೊತ್ತಿಗೆ ಸಿನಿಮಾ ಹಾಡು. ರಾಗವನ್ನು ಬಿಡಿಸಿ ನುಡಿಸಿ ಎಂದು ಯಾರೂ ಕೇಳುವುದಿಲ್ಲವಂತೆ. ಪಾರ್ಕಿಂಗಿನ ಮಾಡಿಗೆ ತಾಗಿ ಆ ನಾದ ಮೂರು ಪಟ್ಟಾಗಿ ಮರಳುತ್ತಿತ್ತು. ಡೋಲಿನವರು ಮೆತ್ತಗೆ, ಬರೀ ಬೆರಳ ತುದಿಯಲ್ಲಿ ಬಾರಿಸುತ್ತಿದ್ದರು. ಅವರು ಅಷ್ಟು ಮೆತ್ತಗೆ ಬಾರಿಸಬಲ್ಲರೆಂದು ಹತ್ತು ವರ್ಷದ ಒಡನಾಡಿಗೂ ಗೊತ್ತಿರಲಿಲ್ಲವೆಂದು ಆಮೇಲೆ ನಗೆ ಎದ್ದಿತು.

ಕರಾವಳಿಯಲ್ಲಿ ಸ್ಯಾಕ್ಸೋಫೋನ್ ಎಂದೊಡನೆ ಕದ್ರಿ ಗೋಪಾಲನಾಥರ ಹೆಸರು ಬಂದೇ ಬರುತ್ತದೆ, ಬರಬೇಕಾದದ್ದೇ. 1949ರಲ್ಲಿ ಬಂಟ್ವಾಳದ ಕಡೆ ನಾಗಸ್ವರದ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತು, ವರ್ಷಗಟ್ಟಲೆ ಪಳಗಿಸಿ ಕರ್ನಾಟಕ ಸಂಗೀತದ ಕಛೇರಿಗೆ ಕೂರಿಸಿದವರು. 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರಿನಲ್ಲಿ ಇಲ್ಲೇ ಮಂಗಳೂರಿನಲ್ಲಿ ತೀರಿಕೊಂಡರು. ಅವರಿಂದಾಗಿ ಇಂದು ಉತ್ಸವಬಲಿಗೂ ನೇಮಕ್ಕೂ ಸ್ಯಾಕ್ಸೋಫೋನ್ ಬೇಕೇ ಬೇಕು. ಆದರೆ ಅವರ ಬಗ್ಗೆ ನಾವು ಪಡುವ ಹೆಮ್ಮೆಯು ಅದೇ ವಾದ್ಯ ಹಿಡಿದ ಏಳನೆಯ ಮನೆಯವರವರೆಗೆ ತಲುಪಿಲ್ಲ. ಯಕ್ಷಗಾನದವರ ಸ್ಥಿತಿ ಈ ವಿಷಯದಲ್ಲಿ ತುಸು ವಾಸಿ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಕಲಾವಿದರ ಕಷ್ಟಸುಖ ನೋಡುತ್ತಾ ಬಂದಿದೆ. 2015ರಲ್ಲಿ ಭಾಗವತ ಪಟ್ಲ ಸತೀಶ್ ಶೆಟ್ಟರು ಕಟ್ಟಿದ ಪ್ರತಿಷ್ಠಾನವೂ ಇದೆ. ವಾಲಗ, ತಾಸೆ, ಬ್ಯಾಂಡ್‌ಸೆಟ್ಟಿನವರ ಬೆನ್ನಿಗೆ ಅಷ್ಟು ದೊಡ್ಡ ಬಳಗ ನಿಂತದ್ದನ್ನು ನಾನು ಕಂಡಿಲ್ಲ.

ಎರಡನೆಯ ಭಾನುವಾರ ಎದುರುಮನೆಯ ಬಾಯಮ್ಮ ಹಾಡಿದರು. ಎಪ್ಪತ್ತು ದಾಟಿದ ಅವರು ಕೊಂಕಣಿ ಕ್ರೈಸ್ತರ ಮದುವೆಯ ಮುನ್ನಾದಿನದ ಶಾಸ್ತ್ರವಾದ ರೋಸ್‌ನ ಹೊತ್ತಿಗೆ ವೊವಿಯೊ ಎಂಬ ಮದುವೆ ಹಾಡು ಹೇಳಲು ಊರೂರಿಗೆ ಹೋಗುತ್ತಿದ್ದವರು, ಈಚೆಗೆ ರೋಸ್ ಎಂದರೆ ಹಾಲ್, ಡಿಜೆ ಎಂದಾದ ಮೇಲೆ ಕರೆ ಕಡಿಮೆಯಾಗಿದೆ. ಅವರ ಅಣ್ಣನ ಮಗ ಗುಮಟ ಬಾರಿಸಿದ. ಗುಮಟದ ಮಡಕೆಯ ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು, ಉಡ ಸಂರಕ್ಷಿತ ಪ್ರಾಣಿಯಾದ್ದರಿಂದ ಈಗ ಆಡಿನ ಚರ್ಮ. "ನಾದ ಅದೇ ಅಲ್ಲ, ಆದರೆ ಜೈಲಿಗಿಂತ ಒಳ್ಳೆಯದು" ಎಂದು ಅವನು ಹೇಳಿದ್ದು ಮಕ್ಕಳ ಬಾಯಲ್ಲಿ ಒಂದು ವಾರ ಇತ್ತು. ಕೊಂಕಣಿ ಬಾರದ ನಾವೆಲ್ಲ ಸೊಲ್ಲಿನ ಕೊನೆಯ ಪದವನ್ನು ಮಾತ್ರ ಎಳೆದು ಹೇಳಿದೆವು. ಮೂರನೆಯ ವಾರ ಬೋಳಾರದ ಕಡೆಯ ಹುಡುಗರ ದಫ್ ತಂಡ. ನಾಲ್ಕನೆಯದು ಸಂಗೀತದ ಟೀಚರ್ ಒಬ್ಬರ ಶಿಷ್ಯೆಯರದ್ದು. ಇಲ್ಲಿ ಒಂದು ಮಾತು ಹೇಳಲೇಬೇಕು: ಸಂಗೀತದ ವಾರ್ಷಿಕೋತ್ಸವಗಳಲ್ಲಿ ನಾನು ಕಂಡಂತೆ ಹೆತ್ತವರು ತಮ್ಮ ಮಗುವಿನ ಸರದಿ ಬಂದಾಗ ಮೊಬೈಲು ಎತ್ತುತ್ತಾರೆ, ಮುಗಿದೊಡನೆ ಮಗುವನ್ನು ಕರೆದುಕೊಂಡು ಮನೆಗೆ ಹೊರಡುತ್ತಾರೆ, ಕೊನೆಯ ಮಗು ಹಾಡುವಾಗ ಎದುರಿಗಿರುವುದು ಖಾಲಿ ಕುರ್ಚಿಗಳು ಮತ್ತು ಟೀಚರ್. ನಮ್ಮಲ್ಲಿ ಎಲ್ಲರ ಹಾಡು ಮುಗಿಯುವವರೆಗೆ ಗೋಳಿಬಜೆ ಹೊರಬರುವುದಿಲ್ಲ. ಈ ಉಪಾಯ ನನ್ನದಲ್ಲ, ಬಾಯಮ್ಮನದು.

ಲಕೋಟೆಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನಾವು ಅಚ್ಚು ಹಾಕಿಸಿದ ಕರಪತ್ರವೆಂದು ಈಗ ಅನ್ನಿಸುತ್ತದೆ. ಸರ್ಕಾರ ವೃದ್ಧ ಕಲಾವಿದರಿಗೆ ಮಾಸಾಶನ ಕೊಡುತ್ತದೆ, ಆದರೆ ಕಲಾಸೇವೆಗೆ ದಾಖಲೆ ಕೇಳುತ್ತದೆ: ಆಮಂತ್ರಣ ಪತ್ರಿಕೆ, ಪತ್ರಿಕೆಯ ತುಣುಕು, ಪ್ರಮಾಣಪತ್ರ. ಮೂವತ್ತು ವರ್ಷ ಸಾವಿರಾರು ಮದುವೆಗಳಲ್ಲಿ ನುಡಿಸಿದವರ ಹೆಸರು ಒಂದು ಮದುವೆಯ ಕಾಗದದಲ್ಲೂ ಅಚ್ಚಾಗಿರುವುದಿಲ್ಲ. ಅದರಲ್ಲಿ ಅತ್ತೆಯ ತಮ್ಮನ ಹೆಸರಿರುತ್ತದೆ, ಹಾಲ್‌ನ ಹೆಸರಿರುತ್ತದೆ. ಆದ್ದರಿಂದ ನಮ್ಮ ಪ್ರತಿ ಸಂಜೆಗೂ ಕಲಾವಿದರ ಪೂರ್ಣ ಹೆಸರು, ವಾದ್ಯ, ದಿನಾಂಕ, ಸ್ಥಳ ಇರುವ ಒಂದು ಹಾಳೆ ಅಚ್ಚಾಗುತ್ತದೆ, ಹತ್ತು ಪ್ರತಿ ಅವರ ಕೈಗೆ ಹೋಗುತ್ತದೆ. ಡೋಲಿನವರು ತಮ್ಮದನ್ನು ಲ್ಯಾಮಿನೇಷನ್ ಮಾಡಿಸಿದ್ದಾರೆ.

ನೆರೆಕರೆಯಲ್ಲಿ ಏನಾಯಿತೆಂದು ಕೇಳಿದರೆ ನನ್ನಲ್ಲಿರುವ ಉತ್ತರಗಳು ಸಣ್ಣವು. ಫ್ಲ್ಯಾಟಿನವರಿಗೂ ಹಂಚಿನ ಮನೆಗಳವರಿಗೂ ಮಳೆನೀರಿನ ಚರಂಡಿಯ ವಿಷಯದಲ್ಲಿ ಮೂರು ವರ್ಷದಿಂದ ಮಾತಿರಲಿಲ್ಲ. ಮೊದಲ ಆಟಿ ಕಳೆದ ಮೇಲೆ ಎರಡೂ ಕಡೆಯವರು ಕಾರ್ಪೊರೇಟರ ಬಳಿಗೆ ಒಟ್ಟಿಗೆ ಹೋದರು. ಚರಂಡಿ ಪೂರ್ತಿ ಸರಿಯಾಗಿಲ್ಲ, ಮಾತು ಸರಿಯಾಗಿದೆ. ಕಾರು ತೆಗೆಸಿದ ಅಮ್ಮ ಈಗ ಸ್ಯಾಕ್ಸೋಫೋನಿನ ಮನೆಯ ಹುಡುಗಿಗೆ ಗಣಿತ ಹೇಳಿಕೊಡುತ್ತಾರೆ. ಚಿಕ್ಕಮೇಳದ ಚೀಟಿ ವಾಚ್‌ಮ್ಯಾನ್‌ನ ಮೇಜು ದಾಟಿ ಮೇಲಕ್ಕೆ ಹೋಗುತ್ತಿದೆ. ಕಳೆದ ವರ್ಷ ಪಾರ್ಕಿಂಗಿನಲ್ಲಿ ದೀಪ ಹಚ್ಚಿಟ್ಟು ಹನ್ನೊಂದು ಮನೆಯವರು ಒಟ್ಟಾಗಿ ಆಟ ಆಡಿಸಿದರು. ಓಣಿಯ ಒಂದು ಗೃಹಪ್ರವೇಶಕ್ಕೆ, ಎರಡು ಮದುವೆಗೆ ಇಲ್ಲಿಯವರನ್ನೇ ಕರೆದರು, ಚೌಕಾಸಿ ನಡೆಯಲಿಲ್ಲವೆಂದು ಕೇಳಿದೆ. ಬೇರೆ ಕಡೆಯ ಹಿತಚಿಂತಕರು ಇದನ್ನೇ ದೊಡ್ಡದಾಗಿ ಮಾಡಬಹುದಲ್ಲವೇ ಎನ್ನುತ್ತಾರೆ. ಮಾಡಿ ನೋಡಿದ್ದೇವೆ. ಮೂರನೆಯ ವರ್ಷ ಟಿವಿಯಲ್ಲಿ ಹಾಡಿ ಹೆಸರಾದ ಒಬ್ಬರನ್ನು ಕರೆಸಿದೆವು, ಜನ ಮುನ್ನೂರಕ್ಕೆ ಮಿಕ್ಕಿ ಬಂದರು, ಸ್ಕೂಟರು ನಿಲ್ಲಿಸುವ ವಿಷಯದಲ್ಲಿ ಜಗಳವಾಯಿತು, ಬಾಯಮ್ಮನಿಗೆ ಕುರ್ಚಿ ಸಿಗಲಿಲ್ಲ. ಅದನ್ನು ಮತ್ತೆ ಮಾಡುವುದಿಲ್ಲ. ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ ಎಂಬ ಕೊಂಕಣಿ ಸಾಂಸ್ಕೃತಿಕ ಸಂಸ್ಥೆಯವರು 2008ರಲ್ಲಿ ನಲವತ್ತು ತಾಸು ಎಡೆಬಿಡದೆ ಕೊಂಕಣಿ ಹಾಡಿ ಗಿನ್ನೆಸ್ ದಾಖಲೆ ಮಾಡಿದ್ದು ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2002ರಿಂದ ಅವರು ತಿಂಗಳಿಗೊಂದರಂತೆ ನಡೆಸಿಕೊಂಡು ಬಂದಿರುವ ವೇದಿಕೆ.

ಈ ವರ್ಷದ ಆಟಿಯ ಪುಸ್ತಕದಲ್ಲಿ ಮೂರು ಭಾನುವಾರಗಳು ಭರ್ತಿಯಾಗಿವೆ, ನಾಲ್ಕನೆಯದು ಖಾಲಿ ಇದೆ. ಅದು ಬ್ಯಾಂಡ್‌ಸೆಟ್ಟಿನಲ್ಲಿ ನಲವತ್ತು ವರ್ಷ ಟ್ರಂಪೆಟ್ ಊದಿದ, ಹಿಂದಿನ ಓಣಿಯ ಕ್ರೈಸ್ತ ಹಿರಿಯರಾದ ಪೊರ್ಬುಗಳಿಗೆಂದು ಇಟ್ಟದ್ದು. ಮುಂದಿನ ಎರಡು ಹಲ್ಲು ಹೋಗಿ ತುಟಿ ನಿಲ್ಲುತ್ತಿಲ್ಲ, ಹಲ್ಲು ಕಟ್ಟಿಸಿದ ಮೇಲೆ ನೋಡುವ ಎನ್ನುತ್ತಿದ್ದಾರೆ. ನಮ್ಮ ಲೆಕ್ಕದಲ್ಲಿ 4,100 ರೂಪಾಯಿ ಉಳಿದಿದೆ. ಅದನ್ನು ಹಲ್ಲಿಗೆ ಕೊಡಬಹುದೇ ಎಂದು ಕಳೆದ ವಾರ ಸಭೆಯಲ್ಲಿ ಕೇಳಿದಾಗ ಯಾರೂ ಬೇಡವೆನ್ನಲಿಲ್ಲ. ಪೊರ್ಬುಗಳು ಮಾತ್ರ ಒಪ್ಪುತ್ತಿಲ್ಲ. ಊದಿ ತೋರಿಸದೆ ಲಕೋಟೆ ಮುಟ್ಟುವುದಿಲ್ಲವಂತೆ. ನುಡಿಸುವ ಮೊದಲೇ ಹಣ ಕೊಡುವುದು ನಮ್ಮ ನಿಯಮ ಎಂದು ಪುಸ್ತಕ ತೆರೆದು ತೋರಿಸಲು ನಾಳೆ ಸಂಜೆ ನಾನೂ ಸ್ಯಾಕ್ಸೋಫೋನಿನ ಅಣ್ಣನೂ ಅವರ ಮನೆಗೆ ಹೋಗುವವರಿದ್ದೇವೆ.